ಗಾಲಿ ಹುಡುಕಿದ ರೈತ

"ಅಜ್ಜನವರೇ, ನನಗೆ ಹೊಂದುವವನು ಯಾಕೆ ಸಿಗುತ್ತಿಲ್ಲ?" ಎಂದು ಕಲ್ಲಿನಾಥ ಕೇಳಿದ.

ಕಲ್ಲಿನಾಥ ಅಜ್ಜನವರ ಮಠದ ಶಿಷ್ಯ, ತತ್ವಪದ ಹಾಡುವವನು. ಆ ಪದಗಳನ್ನು ಒಬ್ಬನೇ ಹಾಡಲು ಬರುವುದಿಲ್ಲ. ಮುಂದೆ ಒಬ್ಬ ಹಾಡಬೇಕು, ಹಿಂದೆ ಒಬ್ಬ ಎತ್ತಿಕೊಳ್ಳಬೇಕು. ಮುಂದಿನವನು ಉಸಿರು ಬಿಟ್ಟಲ್ಲಿ ಹಿಂದಿನವನು ಹಿಡಿಯಬೇಕು. ಕಲ್ಲಿನಾಥನ ಹಿಂದೆ ಹಾಡುತ್ತಿದ್ದ ದ್ಯಾಮಣ್ಣ ಹೋದ ವರ್ಷ ತೀರಿಕೊಂಡಿದ್ದ. ಅಂದಿನಿಂದ ಕಲ್ಲಿನಾಥ ಇನ್ನೊಬ್ಬನನ್ನು ಹುಡುಕುತ್ತಿದ್ದ. ಬಂದವರಲ್ಲಿ ಒಬ್ಬನ ದನಿ ತೀರ ಎತ್ತರ. ಇನ್ನೊಬ್ಬನಿಗೆ ತಾಳ ನಿಲ್ಲುತ್ತಿರಲಿಲ್ಲ. ಮತ್ತೊಬ್ಬ ಪದ ಕಲಿತ, ಆದರೆ ಅದು ಅವನ ಬಾಯಿಂದ ಕೆಳಗೆ ಇಳಿಯಲಿಲ್ಲ. ಸೋಮವಾರದ ಭಜನೆ ನಿಂತಿತ್ತು. ಜನ ಬರುತ್ತಿದ್ದರು, ಸ್ವಲ್ಪ ಹೊತ್ತು ಕೂರುತ್ತಿದ್ದರು, ಎದ್ದು ಹೋಗುತ್ತಿದ್ದರು.

"ಹೊಂದುವವನು ಒಬ್ಬನೂ ಇಲ್ಲವೇ?" ಎಂದು ಅಜ್ಜನವರು ಕೇಳಿದರು.

"ಒಬ್ಬನಿದ್ದಾನೆ. ಹೊಳೆಯಾಚೆಯ ಊರಿನ ಫಕೀರೇಶ. ದನಿ ನನ್ನ ದನಿಯ ಹಾಗೆಯೇ. ಪದಗಳೂ ಅವೇ. ಅವನ ಹಿಂದೆ ಹಾಡುವವನೂ ಈಗ ಇಲ್ಲ, ಊರು ಬಿಟ್ಟು ಹೋಗಿದ್ದಾನೆ. ಬಂದು ನನ್ನ ಹಿಂದೆ ಹಾಡು ಎಂದು ಹೇಳಿ ಕಳುಹಿಸಿದೆ. ನೀನೇ ಬಂದು ನನ್ನ ಹಿಂದೆ ಹಾಡು ಎಂದು ಅವನು ತಿರುಗಿ ಹೇಳಿ ಕಳುಹಿಸಿದ. ಅಂಥವನ ಜೊತೆ ಹೊಂದಿಕೆ ಎಲ್ಲಿ ಬರುತ್ತದೆ? ಬೇರೆ ಯಾರನ್ನಾದರೂ ತಾವೇ ತೋರಿಸಬೇಕು."

ಅಜ್ಜನವರು ಜೋಳ ಹಸನು ಮಾಡುತ್ತಾ ಕುಳಿತಿದ್ದರು. ಮೊರವನ್ನು ಬದಿಗಿಟ್ಟರು.

"ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಕರಿಮಣ್ಣಿನ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಅದನ್ನು ಮಾಡುತ್ತಿದ್ದ ಕಂಪನಿ ಬಾಗಿಲು ಹಾಕಿ ಬಹಳ ಕಾಲವಾಗಿತ್ತು. ಊರಿಗೆ ಹೊಸ ಟ್ರ್ಯಾಕ್ಟರುಗಳು ಬಂದಿದ್ದವು. ರೈತ ಅವುಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಊರಿನ ಮೊದಲ ಟ್ರ್ಯಾಕ್ಟರ್ ಅದು; ಅವನ ತಂದೆ ಅದನ್ನು ತಂದ ದಿನ ಊರಿನವರೆಲ್ಲ ಮುಟ್ಟಿ ನೋಡಿದ್ದರು. ಎಂಜಿನ್ನಿನ ಸದ್ದು ಕೇಳಿಯೇ ಅದಕ್ಕೆ ಏನು ಬೇಕೆಂದು ಅವನಿಗೆ ತಿಳಿಯುತ್ತಿತ್ತು. ಮಳೆ ಬಿದ್ದು ಹೊಲ ಹದಕ್ಕೆ ಬಂದರೆ ಎಲ್ಲರಿಗಿಂತ ಮೊದಲು ಅವನ ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುತ್ತಿತ್ತು. ತನ್ನದು ಮುಗಿದ ಮೇಲೆ ಅಕ್ಕಪಕ್ಕದವರ ಹೊಲವನ್ನೂ ಅವನೇ ಹರಗಿ ಕೊಡುತ್ತಿದ್ದ.

ಒಂದು ಬೇಸಿಗೆಯ ಕೊನೆಯಲ್ಲಿ ಅವನು ಹೊಲಕ್ಕೆ ಗೊಬ್ಬರ ಹೊಡೆಯುತ್ತಿದ್ದ. ಕಾಲುವೆಯ ಮೇಲಿನ ಸೇತುವೆ ಅಂಚಿನಲ್ಲಿ ಕುಸಿಯಿತು. ಬಲಗಡೆಯ ಹಿಂದಿನ ಗಾಲಿ ಕೆಳಗೆ ಇಳಿದು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ರೈತನಿಗೆ ಪೆಟ್ಟಾಗಲಿಲ್ಲ. ಊರಿನವರು ಬಂದು ಎಳೆದು ಮೇಲೆ ಹಾಕಿದರು. ಟೈರು ಸೀಳಿತ್ತು. ರಿಮ್ಮು ಬಾಗಿತ್ತು. ಬೋಲ್ಟು ಕೂರುವ ತೂತುಗಳ ಸುತ್ತ ಕಬ್ಬಿಣ ಹರಿದಿತ್ತು.

ಮಿಸ್ತ್ರಿ ನೋಡಿ ಹೇಳಿದ: "ಇದು ಬೆಸುಗೆಗೆ ನಿಲ್ಲುವುದಿಲ್ಲ. ಬೇರೆ ಗಾಲಿಯೇ ಬೇಕು. ತೂತುಗಳು ಕೂಡಬೇಕು, ಎತ್ತರವೂ ಕೂಡಬೇಕು. ಎರಡರಲ್ಲಿ ಒಂದು ತಪ್ಪಿದರೂ ತರಬೇಡ."

ರೈತ ಪೇಟೆಗೆ ಹೋದ. ಅಂಗಡಿಯವನು ಕಂಪನಿಯ ಹೆಸರು ಕೇಳಿದ. ಹೇಳಿದ ಮೇಲೆ ಅವನು ಒಳಗೆ ಹೋಗಿ ಹುಡುಕಲೂ ಇಲ್ಲ. "ಅದರ ಗಾಲಿ ಹೊಸದು ಈಗ ಎಲ್ಲಿಯೂ ಬರುವುದಿಲ್ಲ. ಗುಜರಿಯಲ್ಲಿ ನೋಡಿ" ಎಂದ.

ರೈತ ಗುಜರಿ ಅಂಗಡಿಗಳನ್ನು ಸುತ್ತಲು ಶುರು ಮಾಡಿದ. ಒಂದು ಕಡೆ ಒಂದು ಗಾಲಿ ಸಿಕ್ಕಿತು. ತನ್ನ ಉಳಿದ ಗಾಲಿಗೆ ಅಳತೆ ಹಿಡಿದಿದ್ದ ಹಗ್ಗವನ್ನು ಅದಕ್ಕೆ ಹಿಡಿದ. ಎತ್ತರ ಸರಿಯಾಗಿತ್ತು. ತೂತುಗಳು ಮಾತ್ರ ಬೇರೆ ಜಾಗದಲ್ಲಿದ್ದವು. ಮಿಸ್ತ್ರಿಯ ಮಾತು ನೆನಪಿತ್ತು. ಆದರೂ ಮೋಡ ಕಟ್ಟುತ್ತಿತ್ತು. ರೈತ ಅದನ್ನೇ ಕೊಂಡು, ಬೇರೆ ತೂತು ಕೊರೆಸಿ ಹಾಕಿಸಿದ. ಹೊಲದಲ್ಲಿ ಮೊದಲ ತಿರುವಿನಲ್ಲೇ ಗಾಲಿ ಅಲುಗಾಡಿತು. ಎರಡನೆಯ ತಿರುವಿನಲ್ಲಿ ಬೋಲ್ಟುಗಳು ಕತ್ತರಿಸಿ ಹೋದವು. ಗಾಲಿ ಹೊರಕ್ಕೆ ವಾಲಿತು. ರೈತ ಜಿಗಿದು ಉಳಿದುಕೊಂಡ.

ಇನ್ನೊಂದು ಊರಿನಲ್ಲಿ ಇನ್ನೊಂದು ಗಾಲಿ ಸಿಕ್ಕಿತು. ಅದರ ತೂತುಗಳು ಸರಿಯಾಗಿ ಕೂತವು. ಎತ್ತರ ಮಾತ್ರ ನಾಲ್ಕು ಬೆರಳು ಕಡಿಮೆ. ನಾಲ್ಕು ಬೆರಳಿನಿಂದ ಏನಾಗುತ್ತದೆ ಎಂದುಕೊಂಡು ರೈತ ಅದನ್ನು ಹಾಕಿಸಿದ. ಟ್ರ್ಯಾಕ್ಟರ್ ಬಲಕ್ಕೆ ವಾಲಿ ನಡೆಯಿತು. ನೇಗಿಲು ಒಂದು ಕಡೆ ಆಳ ಹೋಯಿತು, ಇನ್ನೊಂದು ಕಡೆ ಬರೀ ಗೀರಿತು. ನೆಟ್ಟಗೆ ಹೊರಟ ಸಾಲು ಬಾಗಿಕೊಂಡು ಹೋಗಿ ಪಕ್ಕದವನ ಬದುವಿಗೆ ಮುಟ್ಟಿತು. ಸಂಜೆಯ ಹೊತ್ತಿಗೆ ಹಿಂದಿನ ಗೇರಿನ ಪೆಟ್ಟಿಗೆಯೊಳಗಿಂದ ಅರೆಯುವ ಸದ್ದು ಬರತೊಡಗಿತು.

ಮಿಸ್ತ್ರಿ ಬಂದು ಕಿವಿಗೊಟ್ಟು ಕೇಳಿದ. "ಎರಡು ಗಾಲಿ ಒಂದೇ ಎತ್ತರ ಇಲ್ಲದಿದ್ದರೆ ಒಳಗಿನ ಹಲ್ಲುಗಳು ಒಂದನ್ನೊಂದು ತಿನ್ನುತ್ತವೆ. ಇವತ್ತೇ ಬಿಚ್ಚು" ಎಂದ.

ಅದೇ ಎತ್ತರದ ಎರಡು ಗಾಲಿ ಹಾಕೋಣವೆಂದರೆ ಅಂಥದು ಆ ಒಂದೇ ಇತ್ತು. ರೈತ ಅದನ್ನೂ ಬಿಚ್ಚಿದ. ಬಲಗಡೆ ಕಲ್ಲು ಪೇರಿಸಿ ಟ್ರ್ಯಾಕ್ಟರನ್ನು ಅಂಗಳದಲ್ಲಿ ನಿಲ್ಲಿಸಿದ.

ಅಷ್ಟರಲ್ಲಿ ಮುಂಗಾರು ಬಂತು. ಎಲ್ಲರ ಟ್ರ್ಯಾಕ್ಟರುಗಳೂ ಅವರವರ ಹೊಲದಲ್ಲಿದ್ದವು. ಬಾಡಿಗೆಯ ಟ್ರ್ಯಾಕ್ಟರ್ ರೈತನ ಹೊಲಕ್ಕೆ ಬರುವ ಹೊತ್ತಿಗೆ ಹದ ಆರಿತ್ತು. ಬಿತ್ತಿದ ಹೆಸರುಕಾಳು ಅಲ್ಲಲ್ಲಿ ಎದ್ದಿತು, ಅಲ್ಲಲ್ಲಿ ಏಳಲೇ ಇಲ್ಲ. ಅಕ್ಕಪಕ್ಕದವರು ಅವನನ್ನು ಕಾಯುವುದನ್ನು ಬಿಟ್ಟು ಬೇರೆಯವರನ್ನು ಕರೆದರು. ಅವರ ತಪ್ಪೇನೂ ಇರಲಿಲ್ಲ. ಆದರೂ ಬೇರೆಯವನ ಟ್ರ್ಯಾಕ್ಟರ್ ತನ್ನ ಮನೆಯ ಮುಂದೆ ಹಾದುಹೋಗುವಾಗ ರೈತ ಒಳಗೆ ಎದ್ದು ಹೋಗುತ್ತಿದ್ದ.

ಅವನು ಹುಡುಕುವುದನ್ನು ಬಿಡಲಿಲ್ಲ. ದೂರದ ಒಂದು ಪೇಟೆಯ ಗುಜರಿ ಅಂಗಡಿಗೆ ಹೋಗಿ ವಿಚಾರಿಸಿದ. ಅಂಗಡಿಯವನು ಅವನ ಮುಖವನ್ನೇ ನೋಡಿದ.

"ಇದನ್ನೇ ಕೇಳಿಕೊಂಡು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಇಲ್ಲ ಎಂದು ಹೇಳಿದರೂ ಮುಂದಿನ ವರ್ಷ ಮತ್ತೆ ಬರುತ್ತಾಳೆ. ಅವಳಿಗೆ ಎಡಗಡೆಯದು ಬೇಕು" ಎಂದ.

ಎಡಗಡೆಯದು ಬೇಕು ಎನ್ನುವವಳ ಹತ್ತಿರ ಬಲಗಡೆಯದು ಇದ್ದೇ ಇರಬೇಕು. ರೈತ ಅವಳ ಊರಿನ ಹೆಸರು ಕೇಳಿಕೊಂಡು ಅಲ್ಲಿಂದ ನೇರವಾಗಿ ಹೊರಟ. ದಾರಿಯುದ್ದಕ್ಕೂ ಆ ಬಲಗಾಲಿಯನ್ನು ಹೇಗೆ ಬಿಚ್ಚುವುದು, ಯಾವ ಗಾಡಿಯಲ್ಲಿ ತರುವುದು ಎಂದು ಯೋಚಿಸಿದ. ಅದರ ಹೊರತು ಬೇರೆ ಯಾವ ಯೋಚನೆಯೂ ಅವನಿಗೆ ಬರಲಿಲ್ಲ.

ಊರು ಮುಟ್ಟಿದಾಗ ಅವನಿಗೆ ಒಂದು ಎಂಜಿನ್ನಿನ ಸದ್ದು ಕೇಳಿಸಿತು. ಅದು ಅವನ ಟ್ರ್ಯಾಕ್ಟರಿನ ಸದ್ದೇ. ರೈತ ರಸ್ತೆಯಲ್ಲಿ ನಿಂತುಬಿಟ್ಟ. ಸದ್ದಿನ ಜಾಡು ಹಿಡಿದು ಹೋದ. ಒಂದು ಅಂಗಳದಲ್ಲಿ ಅವನದರಂಥದೇ ಟ್ರ್ಯಾಕ್ಟರ್ ಇತ್ತು. ಎಡಗಡೆ ಕಲ್ಲಿನ ಮೇಲೆ ನಿಂತಿತ್ತು. ಒಬ್ಬ ಹೆಣ್ಣುಮಗಳು ಸೀಟಿನ ಮೇಲೆ ಕುಳಿತು ನಿಂತಲ್ಲೇ ಎಂಜಿನ್ ಓಡಿಸುತ್ತಿದ್ದಳು. ಅವನಿಗಿಂತ ಹತ್ತು ವರ್ಷ ಹಿರಿಯಳಿರಬೇಕು. ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು.

ಗಂಡ ತೀರಿದ ಮೇಲೆ ಹೊಲವನ್ನೂ ಟ್ರ್ಯಾಕ್ಟರನ್ನೂ ಅವಳೇ ನಡೆಸಿದ್ದಳು. ತೂಕ ಬರಲಿ ಎಂದು ಹಿಂದಿನ ಟೈರಿನೊಳಗೆ ನೀರು ತುಂಬಿಸಿದ್ದರು. ಆ ನೀರು ಒಳಗಿನಿಂದಲೇ ಎಡಗಡೆಯ ರಿಮ್ಮನ್ನು ತಿಂದಿತ್ತು. ಅದು ಒಡೆದ ಮೇಲೆ ಟ್ರ್ಯಾಕ್ಟರ್ ನಿಂತಿತು. ತುಕ್ಕು ಹಿಡಿದು ಎಂಜಿನ್ ಬಿಗಿದುಕೊಳ್ಳಬಾರದೆಂದು ಅವಳು ವಾರಕ್ಕೊಮ್ಮೆ ಹೀಗೆ ಓಡಿಸುತ್ತಿದ್ದಳು.

ಅವಳು ಎಂಜಿನ್ ನಿಲ್ಲಿಸಿ ಕೆಳಗಿಳಿದಳು. ರೈತ ನಮಸ್ಕಾರ ಮಾಡಿ ತಾನು ಯಾರೆಂದು, ಸದ್ದು ಹಿಡಿದೇ ಮನೆ ಕಂಡುಕೊಂಡೆನೆಂದು ಹೇಳಿದ. ಜೇಬಿನಿಂದ ಅಳತೆಯ ಹಗ್ಗ ತೆಗೆದ.

"ಅಳತೆ ಯಾಕೆ ತಮ್ಮಾ? ಸದ್ದು ಕೇಳಿ ಬಂದವನಿಗೆ ಗೊತ್ತಿಲ್ಲವೇ" ಎಂದಳು ಅವಳು.

"ಅಕ್ಕಾ, ಈ ಬಲಗಡೆಯ ಗಾಲಿ ನನಗೆ ಕೊಡಿ. ನೀವು ಕೇಳಿದಷ್ಟು ಕೊಡುತ್ತೇನೆ."

"ನಿನ್ನ ಎಡಗಡೆಯದು ಚೆನ್ನಾಗಿದೆಯೇ?"

"ಚೆನ್ನಾಗಿದೆ."

"ಹಾಗಾದರೆ ಅದನ್ನು ನನಗೆ ಕೊಡು. ನೀನು ಕೇಳಿದಷ್ಟು ನಾನೂ ಕೊಡುತ್ತೇನೆ."

ರೈತ ಹಗ್ಗವನ್ನು ಕೈಗೆ ಸುತ್ತಿಕೊಂಡ. "ಅದನ್ನು ಕೊಟ್ಟರೆ ನನ್ನ ಟ್ರ್ಯಾಕ್ಟರ್ ಇನ್ನು ಏಳುವುದಿಲ್ಲ, ಅಕ್ಕಾ" ಎಂದ.

"ಇದನ್ನು ಕೊಟ್ಟರೆ ನನ್ನದೂ ಏಳುವುದಿಲ್ಲ" ಎಂದಳು ಅವಳು.

ಅವಳು ಕೋಪದಿಂದ ಹೇಳಿರಲಿಲ್ಲ. ಒಳಗೆ ಕರೆದು ರೊಟ್ಟಿ ಬಡಿಸಿದಳು, ಮಜ್ಜಿಗೆ ಕೊಟ್ಟಳು. ಊಟದ ನಡುವೆ ಇಬ್ಬರೂ ಎಂಜಿನ್ನಿನ ಮಾತಾಡಿದರು. ಚಳಿಯಲ್ಲಿ ಅದು ಹೇಗೆ ಹಟ ಮಾಡುತ್ತದೆ, ಯಾವ ಬೋಲ್ಟು ಯಾವಾಗಲೂ ಸಡಿಲವಾಗುತ್ತದೆ ಎಂಬುದೆಲ್ಲ ಇಬ್ಬರಿಗೂ ಗೊತ್ತಿತ್ತು. ಊರಿನಲ್ಲಿ ಇದನ್ನೆಲ್ಲ ಕೇಳುವವರು ರೈತನಿಗೆ ಯಾರೂ ಉಳಿದಿರಲಿಲ್ಲ. ಗಾಲಿಯ ಮಾತನ್ನು ಮಾತ್ರ ಮತ್ತೆ ಇಬ್ಬರೂ ಎತ್ತಲಿಲ್ಲ.

ರೈತ ಬರಿಗೈಯಲ್ಲಿ ಮನೆಗೆ ಬಂದ. ಹೆಂಡತಿ ಕೇಳಿದಾಗ, "ಗಾಲಿ ಇದೆ. ಆದರೆ ಅವಳದು ಹಟದ ಸ್ವಭಾವ" ಎಂದ.

ಆಮೇಲೆ ಅವನು ಮತ್ತೆಲ್ಲಿಗೂ ಹುಡುಕಿಕೊಂಡು ಹೋಗಲಿಲ್ಲ. ಸರಿಯಾದ ಗಾಲಿ ಎಲ್ಲಿದೆ ಎಂದು ತಿಳಿದ ಮೇಲೆ ಬೇರೆ ಗಾಲಿಯ ಮೇಲೆ ಮನಸ್ಸು ಹೋಗಲಿಲ್ಲ. ಇವತ್ತಲ್ಲ ನಾಳೆ ಅವಳೇ ಸೋತು ಹೇಳಿ ಕಳುಹಿಸುತ್ತಾಳೆ ಎಂದು ಕಾದ. ಅವಳು ಹೇಳಿ ಕಳುಹಿಸಲಿಲ್ಲ.

ಮಹಾನವಮಿ ಬಂತು. ಹಿಂಗಾರಿ ಬಿತ್ತನೆಯ ಕಾಲವೂ ಅದೇ. ಆಯುಧಪೂಜೆಯ ದಿನ ರೈತ ಬೆಳಗ್ಗೆಯೇ ಎದ್ದು ಟ್ರ್ಯಾಕ್ಟರ್ ತೊಳೆದ. ಎಣ್ಣೆ ಬಟ್ಟೆಯಿಂದ ಒರೆಸಿದ. ಚೆಂಡುಹೂವಿನ ಮಾಲೆ ಕಟ್ಟಿದ. ವಿಭೂತಿ, ಕುಂಕುಮ ಹಚ್ಚಿದ. ಎಡಗಾಲಿಗೆ ಹಚ್ಚುವಾಗ ಅವನ ಕೈ ನಿಂತಿತು. ಟೈರಿನ ಮೈಮೇಲೆ ಕೂದಲಿನಷ್ಟು ಸಣ್ಣ ಸೀಳುಗಳು ಎದ್ದಿದ್ದವು. ಅವನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಡೆದಿರಲಿಲ್ಲ, ಇನ್ನೂ ಗಟ್ಟಿಯಾಗಿಯೇ ಇತ್ತು. ಆದರೆ ಬಿಸಿಲಿನಲ್ಲಿ ನಿಂತು ನಿಂತು ಒಣಗತೊಡಗಿತ್ತು. ದುಡಿಯುವಾಗ ಅದರ ಮೇಲೆ ಅಂಥ ಸೀಳನ್ನು ಅವನು ಕಂಡಿರಲಿಲ್ಲ.

ಹೆಂಡತಿ ಆರತಿಯ ತಟ್ಟೆ ಹಿಡಿದು ಬಂದಳು. ಕಲ್ಲಿನ ಮೇಲೆ ನಿಂತ ಟ್ರ್ಯಾಕ್ಟರಿಗೆ ಆರತಿ ಎತ್ತಿದಳು. ತಟ್ಟೆ ಕೆಳಗಿಟ್ಟು ಹೇಳಿದಳು:

"ಆ ಅಕ್ಕನೂ ಈಗ ತನ್ನದಕ್ಕೆ ಹೀಗೆಯೇ ಹೂವು ಏರಿಸುತ್ತಿರಬೇಕು, ಅಲ್ಲವೇ?"

ಅವಳು ಚುಚ್ಚಿ ಹೇಳಿರಲಿಲ್ಲ. ಸುಮ್ಮನೆ ನೆನಪಾಗಿ ಹೇಳಿದಳು, ಒಳಗೆ ಹೋದಳು. ರೈತ ಅಲ್ಲೇ ಕುಳಿತ. ಆ ಅಂಗಳ ಅವನ ಕಣ್ಣಿಗೆ ಬಂತು. ಎಡಗಡೆಯ ಕಲ್ಲುಗಳು ಬಂದವು. ಸೀಟಿನ ಮೇಲೆ ಕುಳಿತು ನಿಂತಲ್ಲೇ ಎಂಜಿನ್ ಓಡಿಸುವ ಹೆಂಗಸು ಬಂದಳು. ಇಷ್ಟು ದಿನ ಅವಳನ್ನು ನೆನೆದಾಗಲೆಲ್ಲ ಅವನು ಬರೀ ಬಲಗಾಲಿಯನ್ನು ನೆನೆದಿದ್ದ.

ಮಧ್ಯಾಹ್ನ ಹಬ್ಬದ ಊಟಕ್ಕೆ ಕರೆದರೂ ಅವನು ಹೆಚ್ಚು ಉಣ್ಣಲಿಲ್ಲ. "ಒಂದು ಮಾತು ಕೇಳುತ್ತೇನೆ. ಎಡಗಾಲಿ ಅವಳಿಗೆ ಕೊಟ್ಟರೆ ನೀನೇನು ಹೇಳುತ್ತೀಯೆ?" ಎಂದು ಹೆಂಡತಿಯನ್ನು ಕೇಳಿದ.

"ಇದನ್ನು ತಂದವರು ಮಾವ. ಓಡಿಸಿದವರು ನೀವು. ನಾನೇನು ಹೇಳಲಿ" ಎಂದಳು ಅವಳು. ಮತ್ತೆ ಹೇಳಿದಳು: "ಹೊಲ ಮಾತ್ರ ಬೀಳು ಬೀಳುವುದು ಬೇಡ."

ಹಬ್ಬದ ಮರುದಿನ ರೈತ ಎಡಗಾಲಿಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ. ಆ ಗಾಲಿಯನ್ನು ಅವನು ಎಷ್ಟೋ ಸಲ ಬಿಚ್ಚಿ ಹಾಕಿದ್ದ. ಈ ಸಲ ಕೈ ನಿಧಾನವಾಯಿತು. ಬಲಗಡೆ ಇದ್ದ ಹಾಗೆ ಎಡಗಡೆಯೂ ಕಲ್ಲು ಪೇರಿಸಿದ. ಗಾಲಿಯನ್ನು ಒಂದು ಟೆಂಪೋದಲ್ಲಿ ಏರಿಸಿದ. ನೋಡಲು ಬಂದವರು, "ಅಂತೂ ಗಾಲಿ ಸಿಕ್ಕಿತೇ?" ಎಂದು ಕೇಳಿದರು. "ಕೊಡಲು ಹೊರಟಿದ್ದೇನೆ" ಎಂದ. ಅವರಿಗೆ ಅರ್ಥವಾಗಲಿಲ್ಲ.

ಹೆಣ್ಣುಮಗಳು ಅಂಗಳದಲ್ಲೇ ಇದ್ದಳು. ಅವಳ ಟ್ರ್ಯಾಕ್ಟರಿನ ಮೇಲೂ ಬಾಡಿದ ಚೆಂಡುಹೂವಿನ ಮಾಲೆ ಇತ್ತು. ಟೆಂಪೋದಲ್ಲಿದ್ದ ಗಾಲಿಯನ್ನು ಅವಳು ನೋಡಿದಳು. ಅದು ಯಾವ ಗಾಲಿ ಎಂದು ಕೇಳಲಿಲ್ಲ.

"ಇದಕ್ಕೆ ಏನು ಕೊಡಬೇಕು?" ಎಂದಳು.

"ಏನೂ ಬೇಡ ಅಕ್ಕಾ. ನಿಮ್ಮದು ಎದ್ದ ಮೇಲೆ ನನ್ನ ಹೊಲವನ್ನೂ ಒಂದಿಷ್ಟು ನೋಡಿದರೆ ಸಾಕು."

"ನನ್ನ ಕೆಲಸ ಮುಗಿಯುವ ಹೊತ್ತಿಗೆ ನಿನ್ನ ಹದ ತಪ್ಪಿದರೆ?"

"ತಪ್ಪಿದರೆ ತಪ್ಪಲಿ. ಗಾಲಿ ನನ್ನ ಅಂಗಳದಲ್ಲಿ ಸುಮ್ಮನೆ ಒಣಗುತ್ತಿದೆ. ಇಲ್ಲಿಯಾದರೂ ತಿರುಗಲಿ."

ಅವಳು ಒಳಗೆ ಹೋಗಿ ಜಾಕ್ ತಂದಳು. ಇಬ್ಬರೂ ಸೇರಿ ಟ್ರ್ಯಾಕ್ಟರನ್ನು ಎತ್ತಿದರು, ಗಾಲಿಯನ್ನು ಉರುಳಿಸಿ ತಂದರು. ತೂತಿಗೆ ತೂತು ಕೂಡಿತು. ಸುತ್ತಿಗೆ ಬೇಕಾಗಲಿಲ್ಲ. ಬೋಲ್ಟುಗಳು ಕೈಬೆರಳಿನಿಂದಲೇ ತಿರುಗಿ ಒಳಗೆ ಹೋದವು. ಜಾಕ್ ಇಳಿಸಿದಾಗ ಟ್ರ್ಯಾಕ್ಟರ್ ಸಮನಾಗಿ ನೆಲದ ಮೇಲೆ ನಿಂತಿತು. ಹೆಣ್ಣುಮಗಳು ಹಿಂದೆ ಸರಿದು ನಿಂತು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಒರೆಸಿದಳೋ ಕಣ್ಣು ಒರೆಸಿದಳೋ ರೈತ ನೋಡಲು ಹೋಗಲಿಲ್ಲ.

"ನೀನು ಹತ್ತು" ಎಂದಳು.

"ನಿಮ್ಮದು. ನೀವು ಹತ್ತಿ."

ಅವಳು ಹತ್ತಿದಳು. ರೈತ ಮಡ್‌ಗಾರ್ಡಿನ ಮೇಲೆ ಕುಳಿತ. ಟ್ರ್ಯಾಕ್ಟರ್ ಅಂಗಳ ದಾಟಿತು. ತನ್ನ ಹೊಲದ ದಾರಿ ಬಂದಾಗ ಅವಳು ಅತ್ತ ತಿರುಗಿಸಲಿಲ್ಲ. ನೇರವಾಗಿ ಹೊರಟಳು.

"ಅಕ್ಕಾ, ನಿಮ್ಮ ಹೊಲ ಹಿಂದೆ ಉಳಿಯಿತಲ್ಲ" ಎಂದ ರೈತ.

"ಮೊನ್ನೆಯ ಮಳೆ ನಿಮ್ಮ ಕಡೆ ಮೊದಲು ಬಿದ್ದಿದೆ. ನನ್ನದು ಇನ್ನೂ ಹಸಿ ಇದೆ, ಕಾಯುತ್ತದೆ. ನಿನ್ನದು ಕಾಯುವುದಿಲ್ಲ" ಎಂದಳು ಅವಳು.

ಅವರು ರೈತನ ಊರು ಮುಟ್ಟಿದರು. ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತು ನೋಡಿದರು. ಒಬ್ಬ ಹೆಂಗಸು ಟ್ರ್ಯಾಕ್ಟರ್ ಓಡಿಸುತ್ತಿದ್ದಳು, ಊರಿನ ಮೊದಲ ಟ್ರ್ಯಾಕ್ಟರಿನ ಒಡೆಯ ಮಡ್‌ಗಾರ್ಡಿನ ಮೇಲೆ ಕುಳಿತಿದ್ದ. "ಗಾಲಿ ತರಲು ಹೋದವನು ಗಾಲಿ ಕೊಟ್ಟು ಬಂದ" ಎಂದು ಒಬ್ಬ ನಕ್ಕ. ಆ ಮಾತು ಊರೆಲ್ಲ ಹಬ್ಬಿತು. ರೈತನಿಗೆ ನಾಚಿಕೆಯಾಯಿತು. ನಾಚಿಕೆಯಾಗಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನೇಗಿಲು ನೆಲಕ್ಕೆ ಇಳಿದು, ಎಂಜಿನ್ ಭಾರ ಎಳೆಯುವ ದನಿ ತೆಗೆದಾಗ ಅವನು ಬದುವಿನ ಮೇಲೆ ನಿಂತು ಕಣ್ಣು ಮುಚ್ಚಿದ. ಸಾಲು ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಹೋಯಿತು.

ಆ ವರ್ಷ ಅವನ ಕಡಲೆ ಹದದಲ್ಲೇ ಬಿತ್ತನೆಯಾಯಿತು. ಅವಳ ಜೋಳವೂ ಹದದಲ್ಲೇ ಬಿತ್ತನೆಯಾಯಿತು. ಮುಂದಿನ ವರ್ಷವೂ ಹಾಗೆಯೇ ನಡೆಯಿತು. ಎಲ್ಲಿ ಮಳೆ ಮೊದಲು ಬೀಳುತ್ತದೆಯೋ ಅಲ್ಲಿಗೆ ಟ್ರ್ಯಾಕ್ಟರ್ ಮೊದಲು ಹೋಗುತ್ತಿತ್ತು. ಬರಬರುತ್ತಾ ಅವಳು ಆಗಾಗ ಓಡಿಸಲು ರೈತನಿಗೇ ಬಿಡುತ್ತಿದ್ದಳು. ಅವಳಿಗೆ ಮೊಣಕಾಲು ನೋವು ಬಂದ ಮೇಲೆ ಹೆಚ್ಚು ಅವನೇ ಓಡಿಸಿದ. ಟ್ರ್ಯಾಕ್ಟರ್ ಮಾತ್ರ ಅವಳ ಅಂಗಳದಲ್ಲೇ ನಿಲ್ಲುತ್ತಿತ್ತು. ಅದು ಯಾರದು ಎಂಬ ಮಾತು ಅವರ ನಡುವೆ ಬರಲಿಲ್ಲ.

ರೈತನ ಅಂಗಳದಲ್ಲಿದ್ದದ್ದು ಕಲ್ಲಿನ ಮೇಲೆಯೇ ಉಳಿಯಿತು. ಓಡುವ ಟ್ರ್ಯಾಕ್ಟರಿಗೆ ಏನಾದರೂ ಬೇಕಾದಾಗ ಅವನು ತನ್ನದರಿಂದ ಬಿಚ್ಚಿ ಒಯ್ಯುತ್ತಿದ್ದ. ಒಮ್ಮೆ ರೇಡಿಯೇಟರ್ ಹೋಯಿತು, ಇನ್ನೊಮ್ಮೆ ದೀಪ ಹೋಯಿತು. ಮೊದಲು ಬಿಚ್ಚುವಾಗ ಅವನಿಗೆ ತನ್ನ ಮೈಯಿಂದಲೇ ಏನೋ ಬಿಚ್ಚಿದ ಹಾಗಾಗುತ್ತಿತ್ತು. ಎಷ್ಟೋ ಸಂಜೆ ಅವನು ಆ ನಿಂತ ಟ್ರ್ಯಾಕ್ಟರಿನ ಸೀಟಿನ ಮೇಲೆ ಹೋಗಿ ಕೂರುತ್ತಿದ್ದ. ಹೆಂಡತಿ ನೋಡಿಯೂ ನೋಡದಂತೆ ಇರುತ್ತಿದ್ದಳು. ಆಮೇಲೆ ಸೀಟನ್ನೂ ಒಯ್ಯಬೇಕಾಯಿತು. ಒಯ್ದ.

ಅಷ್ಟು ಹೇಳಿ ಅಜ್ಜನವರು ನಿಲ್ಲಿಸಿದರು. ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಕಲ್ಲಿನಾಥನಿಗೆ ರೈತನ ಮೇಲೆ ಮರುಕ ಬಂದಿತ್ತು.

"ಪಾಪ, ಅಷ್ಟು ಊರು ಸುತ್ತಿದ. ಆದರೂ ಹೊಂದುವ ಗಾಲಿ ಅವನಿಗೆ ಸಿಗಲೇ ಇಲ್ಲವಲ್ಲ, ಅಜ್ಜನವರೇ" ಎಂದ.

ಅಜ್ಜನವರು ಜೋಳದಲ್ಲಿ ಸಿಕ್ಕ ಒಂದು ಹರಳನ್ನು ತೆಗೆದು ಹೊರಗೆಸೆದರು.

"ಹೊಂದುವ ಗಾಲಿ ಮೊದಲಿನಿಂದಲೂ ಅವನ ಮನೆಯಲ್ಲೇ ಇತ್ತಲ್ಲ, ಕಲ್ಲಿನಾಥ" ಎಂದರು.